ಒಂದೇ ವಿಷಯ, ಮೂರು ಮಾಧ್ಯಮ: ಸಂವಹನ ಕೌಶಲದ ಮೌಲ್ಯಮಾಪನ

ಬೋಧನಾಭ್ಯಾಸದಲ್ಲಿ 8ನೇ ತರಗತಿಗೆ ನಾನು ಆರಿಸಿಕೊಂಡ ವಿಷಯ ‘ಶಾಲೆಗೆ ಕುಡಿಯುವ ನೀರು’. ಇದನ್ನೇ ಮಕ್ಕಳು ಮೂರು ಬಗೆಯಲ್ಲಿ ತಿಳಿಸಬೇಕಿತ್ತು: ಗ್ರಾಮ ಪಂಚಾಯಿತಿಗೆ ಮನವಿ ಪತ್ರ, ಪ್ರಾರ್ಥನಾ ಸಭೆಯಲ್ಲಿ 2 ನಿಮಿಷದ ಮಾತು, ಪೋಷಕರಿಗೆ 1 ನಿಮಿಷದ ಧ್ವನಿ ಸಂದೇಶ. ಎಲ್ಲರ ಮನೆಯಲ್ಲೂ ಸ್ಮಾರ್ಟ್‌ಫೋನ್ ಇರುವುದಿಲ್ಲವಾದ್ದರಿಂದ ಧ್ವನಿಮುದ್ರಣಕ್ಕೆ ನನ್ನ ಫೋನನ್ನೇ ಬಳಸಿದೆ.

ಮಾನದಂಡಗಳು

ಮೂರಕ್ಕೂ ಸಾಮಾನ್ಯ: ವಿಷಯದ ಸ್ಪಷ್ಟತೆ, ಯಾರಿಗೆ ಹೇಳುತ್ತಿದ್ದೇವೆ ಎಂಬ ಅರಿವು.

1. ಬರವಣಿಗೆ: ವಿಳಾಸ, ದಿನಾಂಕ, ವಿಷಯದ ಸಾಲು, ಒಕ್ಕಣೆ, ಕಾಗುಣಿತ.
2. ಮಾತು: ಧ್ವನಿಯ ಏರಿಳಿತ, ನಿಲುಗಡೆ, ಕೇಳಿದ ಪ್ರಶ್ನೆಗೆ ಉತ್ತರ.
3. ಡಿಜಿಟಲ್: ಮೊದಲ ವಾಕ್ಯದಲ್ಲೇ ಮುಖ್ಯ ವಿಷಯ, ಕಳಿಸುವ ಮುನ್ನ ಮರಳಿ ಕೇಳಿ ತಿದ್ದಿಕೊಳ್ಳುವುದು.

ಗಮನಿಸಿದ್ದು

‘ನೀರಿನ ತೊಂದ್ರಿ ಐತಿ’ ಎಂದು ಸಭೆಯಲ್ಲಿ ನಿರರ್ಗಳವಾಗಿ ಮಾತನಾಡಿದ ವಿದ್ಯಾರ್ಥಿನಿಗೆ ಅಂಕ ಕಳೆಯಬೇಕೆ? ಬೇಡ ಎಂಬುದು ನನ್ನ ನಿಲುವು. ಧಾರವಾಡದ ಕಡೆಯ ‘ಐತಿ’, ಕರಾವಳಿಯ ‘ಉಂಟು’ ತಪ್ಪುಗಳಲ್ಲ. ಮಾತು ಕೇಳುಗರನ್ನು ತಲುಪಿತೇ ಎಂಬುದೇ ಅಲ್ಲಿ ಮುಖ್ಯ. ಆಕೆಯ ಪತ್ರದಲ್ಲಿ ಅದೇ ‘ಐತಿ’ ಬಂದಾಗ ಅಡಿಗೆರೆ ಎಳೆದು, ಕಚೇರಿಯ ಪತ್ರಕ್ಕೆ ‘ಇದೆ’ ಏಕೆ ಒಪ್ಪುತ್ತದೆ ಎಂದು ವಿವರಿಸಿದೆ. ಒಟ್ಟು ಅಂಕವನ್ನಷ್ಟೇ ಬರೆದಿದ್ದರೆ ಆಕೆ ‘ಕನ್ನಡದಲ್ಲಿ ಸಾಧಾರಣ’ ಎನಿಸಿಕೊಳ್ಳುತ್ತಿದ್ದಳು. ಮೂರು ಅಂಕಣಗಳಿದ್ದುದರಿಂದ ಆಕೆಯ ಶಕ್ತಿಯೂ ನೆರವು ಬೇಕಾದ ಜಾಗವೂ ಕಂಡವು.

ಸಲಹೆ

ಮಾನದಂಡಗಳನ್ನು ಚಟುವಟಿಕೆಗೆ ಮೊದಲೇ ಮಕ್ಕಳ ಕೈಗೆ ಕೊಡಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳುವ ಸ್ವಮೌಲ್ಯಮಾಪನ ಹಾಗೂ ಸಹಪಾಠಿ ಮೌಲ್ಯಮಾಪನಕ್ಕೂ ಅದೇ ಹಾಳೆ ಸಾಕಾಗುತ್ತದೆ.