ಡೊಮೈನ್ ವರ್ಗಾವಣೆ ಸ್ಥಗಿತಗೊಂಡಾಗ ಅನುಸರಿಸಬೇಕಾದ ಕ್ರಮ

ಪೀಣ್ಯದ ಬಿಡಿಭಾಗ ತಯಾರಿಕಾ ಘಟಕವೊಂದು ತನ್ನ ಡಾಟ್ ಕಾಮ್ ಹೆಸರನ್ನು ಹೊಸ ರಿಜಿಸ್ಟ್ರಾರ್ ಸಂಸ್ಥೆಗೆ ವರ್ಗಾಯಿಸಲು ಹೊರಟಿದೆ ಎಂದಿಟ್ಟುಕೊಳ್ಳಬಹುದು. ಹಳೆಯ ಸಂಸ್ಥೆಯೊಡನೆ ಹೋಸ್ಟಿಂಗ್ ಒಪ್ಪಂದ ಮುಗಿದೊಡನೆ ಅದರ ಡಿಎನ್‌ಎಸ್ ಸೇವೆಯೂ ನಿಲ್ಲುತ್ತದೆ. ಜಾಲತಾಣ ತೆರೆಯುವುದಿಲ್ಲ, ಖರೀದಿ ಆದೇಶಗಳ ಇ-ಮೇಲ್ ತಲುಪುವುದಿಲ್ಲ. ವರ್ಗಾವಣೆಗೆ ಬೇಕಾದ ರಹಸ್ಯ ಸಂಕೇತ, ಅಂದರೆ ಆಥ್ ಕೋಡ್, ಅದೇ ಇ-ಮೇಲ್ ವಿಳಾಸಕ್ಕೆ ಬರಬೇಕಾಗಿರುತ್ತದೆ. ಬೀಗದ ಕೈ ಒಳಗೇ ಉಳಿದು ಬಾಗಿಲು ಹಾಕಿಕೊಂಡಂತಹ ಸ್ಥಿತಿಯಿದು.

ಇಲ್ಲಿ ಮುಖ್ಯವಾಗಿ ಗಮನಿಸಬೇಕಾದುದೆಂದರೆ, ಹೆಸರಿನ ನೋಂದಣಿ ಬೇರೆ, ಡಿಎನ್‌ಎಸ್ ಸೇವೆ ಬೇರೆ. ಮೊದಲನೆಯದು ಹೆಸರನ್ನು ಬಳಸುವ ಹಕ್ಕು. ಎರಡನೆಯದು ಆ ಹೆಸರಿನ ಜಾಲತಾಣ ಮತ್ತು ಅಂಚೆ ಯಾವ ಸರ್ವರಿನಲ್ಲಿವೆ ಎಂದು ತಿಳಿಸುವ ವಿಳಾಸಪಟ್ಟಿ. ಆದ್ದರಿಂದ ವರ್ಗಾವಣೆಗೆ ಕಾಯದೆ ಡಿಎನ್‌ಎಸ್ ಸೇವೆಯನ್ನು ಮೊದಲು ಸರಿಪಡಿಸಿಕೊಳ್ಳುವುದು ಉಚಿತ.

1. ಬೇರೊಂದು ಡಿಎನ್‌ಎಸ್ ಸೇವೆಯಲ್ಲಿ ಜಾಲತಾಣದ 'ಎ' ದಾಖಲೆ ಹಾಗೂ ಅಂಚೆಯ 'ಎಂಎಕ್ಸ್' ದಾಖಲೆಗಳನ್ನು ಸೇರಿಸಿ, ಹಳೆಯ ರಿಜಿಸ್ಟ್ರಾರ್ ಖಾತೆಯಲ್ಲಿ ನೇಮ್ ಸರ್ವರ್‌ಗಳನ್ನು ಬದಲಿಸಬೇಕು. ವರ್ಗಾವಣೆಯ ಬೀಗ ಇದಕ್ಕೆ ಅಡ್ಡಿಯಾಗದು. ಬದಲಾವಣೆ ಎಲ್ಲೆಡೆ ತಲುಪಲು 48 ಗಂಟೆಗಳವರೆಗೆ ಹಿಡಿಯಬಹುದು. ವರ್ಗಾವಣೆಯ ಕೋರಿಕೆ ಈಗಾಗಲೇ ಸಲ್ಲಿಕೆಯಾಗಿದ್ದರೆ ಸಾಮಾನ್ಯವಾಗಿ ಇಂತಹ ಬದಲಾವಣೆ ಸಾಧ್ಯವಿಲ್ಲ. ಆಗ ಹಳೆಯ ಸಂಸ್ಥೆಯ ಒಪ್ಪಿಗೆಯನ್ನು ಕೂಡಲೇ ಪಡೆಯಬೇಕು ಇಲ್ಲವೆ ಕೋರಿಕೆಯನ್ನು ರದ್ದುಪಡಿಸಬೇಕು.

2. ಇ-ಮೇಲ್ ಮರಳಿದ ನಂತರ ಬೀಗ ತೆರೆಯಿಸಿ ಆಥ್ ಕೋಡ್ ಕೇಳಬೇಕು. ಐಕಾನ್ ನಿಯಮದಂತೆ ಅದನ್ನು 5 ದಿನಗಳೊಳಗೆ ಒದಗಿಸಬೇಕು. ಹೊಸ ಸಂಸ್ಥೆಯ ಮೂಲಕ ಕೋರಿಕೆ ಸಲ್ಲಿಸಿದ ಮೇಲೆ ಹಳೆಯ ಸಂಸ್ಥೆ 5 ದಿನ ಮೌನವಾಗಿದ್ದರೆ ವರ್ಗಾವಣೆ ತಾನಾಗಿಯೇ ಪೂರ್ಣಗೊಳ್ಳುತ್ತದೆ.

3. ಹೊಸದಾಗಿ ನೋಂದಣಿಯಾದ ಅಥವಾ ವರ್ಗಾವಣೆಗೊಂಡ 60 ದಿನಗಳೊಳಗೆ ತಡೆಯಬಹುದು. ಆದರೆ ಹೋಸ್ಟಿಂಗ್ ಶುಲ್ಕದ ಬಾಕಿ ಮಾತ್ರವೇ ನಿರಾಕರಣೆಗೆ ಸಕಾರಣವಲ್ಲ. ಅನ್ಯಾಯವಾಗಿ ತಡೆದರೆ ಪತ್ರವ್ಯವಹಾರದ ಪ್ರತಿಗಳೊಡನೆ ಐಕಾನ್‌ಗೆ ದೂರು ಸಲ್ಲಿಸಬಹುದು. ಡಾಟ್ ಇನ್ ಹೆಸರುಗಳನ್ನು ನಿರ್ವಹಿಸುವುದು ನಿಕ್ಸಿ ಸಂಸ್ಥೆ. ಅವುಗಳ ದೂರು ಅಲ್ಲಿಗೆ ಹೋಗಬೇಕು.

ಈ ತೊಡಕು ಬಾರದಂತೆ ತಡೆಯುವುದು ಕಷ್ಟವಲ್ಲ. ಹೆಸರು ವಿನ್ಯಾಸಕಾರರ ಹೆಸರಿನಲ್ಲಿರದೆ ಸಂಸ್ಥೆಯ ಹೆಸರಿನಲ್ಲಿಯೇ ನೋಂದಣಿಯಾಗಿರಬೇಕು. ಸಂಪರ್ಕದ ಇ-ಮೇಲ್ ಬೇರೊಂದು ಡೊಮೈನಿನಲ್ಲಿರಬೇಕು. ಅದನ್ನು ವರ್ಗಾವಣೆಗೆ ಬಹು ಮೊದಲೇ ಬದಲಿಸಿಡುವುದು ಲೇಸು. ಏಕೆಂದರೆ ಈ ಬದಲಾವಣೆಯ ಬಳಿಕ ಕೆಲವು ಸಂಸ್ಥೆಗಳು 60 ದಿನ ವರ್ಗಾವಣೆಯನ್ನು ತಡೆಹಿಡಿಯುವುದುಂಟು. ಡಿಎನ್‌ಎಸ್ ದಾಖಲೆಗಳ ಮುದ್ರಿತ ಪ್ರತಿಯೊಂದು ಲೆಕ್ಕಪತ್ರಗಳ ಕಡತದಲ್ಲಿರಲಿ. ಹೊಸ ಸೇವೆ ಸರಿಯಾಗಿ ನಡೆಯುವುದು ಖಚಿತವಾಗುವವರೆಗೆ ಹಳೆಯ ಸೇವೆಯನ್ನು ಕೈಬಿಡಬಾರದು.