ಸಿ.ಎ. ಮತ್ತೆ ಬರೆಯುವಿರಾ? ಮೊದಲು ಉತ್ತರಪತ್ರಿಕೆ ತರಿಸಿಕೊಳ್ಳಿ

ಸಿ.ಎ. ಇಂಟರ್ ಅಥವಾ ಫೈನಲ್ ಫಲಿತಾಂಶ ಬಂದ ಮೇಲೆ ಫೇಲಾದವರ ಮನೆಗಳಲ್ಲಿ ನಡೆಯುವುದು ಹೆಚ್ಚುಕಡಿಮೆ ಒಂದೇ. ಎರಡು ದಿನ ಮೊಬೈಲ್ ಆಫ್. ಮೂರನೇ ದಿನ ಹೊಸ ಕೋಚಿಂಗ್‌ನ ವಿಚಾರಣೆ. ಫೀಸು ಕಟ್ಟಿದ ಮೇಲೆ ಮೊದಲ ಮಾಡ್ಯೂಲ್, ಮೊದಲ ಅಧ್ಯಾಯದಿಂದ ಓದು ಶುರು. ಎಲ್ಲಿ ಅಂಕ ಹೋಯಿತು ಎಂದು ನೋಡುವ ಕೆಲಸ ಮಾತ್ರ ಬಿಟ್ಟೇ ಹೋಗಿರುತ್ತದೆ. ಅದನ್ನು ನೋಡದೆ ಓದಲು ಕೂತವರು ಮುಂದಿನ ಸಲವೂ ಅದೇ ಅಂಕದ ಆಸುಪಾಸಿನಲ್ಲಿ ನಿಲ್ಲುವುದನ್ನು ನಾನು ಕಾಣುತ್ತಲೇ ಬಂದಿದ್ದೇನೆ.

ಮನೆಯವರಿಗೆ ಒಂದು ಮಾತು. 2024ರ ಮೇ ಪರೀಕ್ಷೆಯಲ್ಲಿ ಎರಡೂ ಗ್ರೂಪ್ ಒಟ್ಟಿಗೆ ಬರೆದವರ ಪೈಕಿ ಫೈನಲ್ ಪಾಸಾದವರು ಶೇ 19.88, ಇಂಟರ್ ಪಾಸಾದವರು ಶೇ 18.42. ಐವರಲ್ಲಿ ನಾಲ್ವರು ಫೇಲಾಗುವ ಪರೀಕ್ಷೆ ಇದು. ಪಿಯುಸಿಯಲ್ಲಿ ಶೇ 95 ತೆಗೆದ ಮಗ ಹೀಗೇಕಾದ ಎಂದು ಊರವರ ಮುಂದೆ ಕೇಳಬೇಡಿ. ಅವನಿಗೆ ಈಗ ಬೇಕಾದದ್ದು ಒಂದು ಮೇಜು, ಮಧ್ಯಾಹ್ನದ ಹೊತ್ತು ಮೂರು ಗಂಟೆ ಕಾಲ ಯಾರೂ ಕರೆಯದ ಒಂದು ಕೋಣೆ.

ಅಂಕಪಟ್ಟಿ ಏನು ಹೇಳುತ್ತದೆ?

ನಿಯಮ ನಿಮಗೆ ಗೊತ್ತಿದ್ದದ್ದೇ. ಪ್ರತಿ ಪತ್ರಿಕೆಯಲ್ಲಿ ಕನಿಷ್ಠ 40, ಮೂರು ಪತ್ರಿಕೆಗಳ ಗ್ರೂಪಿನಲ್ಲಿ ಒಟ್ಟು 150. ಎರಡೂ ಗ್ರೂಪ್ ಒಟ್ಟಿಗೆ ಬರೆದವರಿಗೆ ಪ್ರತಿ ಪತ್ರಿಕೆಯಲ್ಲಿ 40 ಇದ್ದು, ಆರೂ ಸೇರಿ 300 ಆದರೆ ಸಾಕು. ಒಂದು ಗ್ರೂಪಿನ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಗ್ರೂಪಿನ ಎಲ್ಲ ಪತ್ರಿಕೆ ಬರೆದು, ಫೇಲಾದರೂ ಒಂದರಲ್ಲಿ 60 ಅಥವಾ ಹೆಚ್ಚು ಬಂದಿದ್ದರೆ ಆ ಪತ್ರಿಕೆಗೆ ಮುಂದಿನ ಮೂರು ಪರೀಕ್ಷೆಗಳವರೆಗೆ ಎಕ್ಸೆಂಪ್ಷನ್.

ಈ ನಿಯಮವನ್ನು ನಿಮ್ಮ ಅಂಕಕ್ಕೆ ಹಚ್ಚಿ ನೋಡಿ. ಒಬ್ಬರಿಗೆ 62, 41, 38 ಬಂದಿದೆ ಎನ್ನಿ. ಒಟ್ಟು 141. ಅವರು ‘ಎರಡು ಅಂಕದಲ್ಲಿ ಹೋಯಿತು’ ಎನ್ನುತ್ತಾರೆ. ಅದು ಸರಿಯಲ್ಲ. ಆ 38 ನಲವತ್ತಾಗಿದ್ದರೂ ಒಟ್ಟು 143; ಆಗಲೂ ಫೇಲೇ. 62ರ ಎಕ್ಸೆಂಪ್ಷನ್ ಇರುವುದರಿಂದ ಉಳಿದ ಎರಡರಲ್ಲಿ ಅವರಿಗೆ 88 ಬೇಕು. ಅಂದರೆ 41 ಬಂದ ಪತ್ರಿಕೆಯನ್ನೂ ಮೇಲಕ್ಕೆತ್ತಬೇಕು. ಇನ್ನೊಬ್ಬರಿಗೆ 47, 44, 46. ಯಾವುದರಲ್ಲೂ ಫೇಲಿಲ್ಲ, ಒಟ್ಟು 137. ಇಂಥವರು ಕಡಿಮೆ ಬಂದ ಒಂದು ಪತ್ರಿಕೆಯ ಹಿಂದೆ ಬಿದ್ದು ಎರಡು ತಿಂಗಳು ಕಳೆಯುತ್ತಾರೆ. ಇವರನ್ನು ಯಾವುದೋ ಒಂದೇ ಪತ್ರಿಕೆ ಕೆಡಿಸಿಲ್ಲ. ಇವರಿಗೆ ಬೇಕಾದ 13 ಅಂಕ ಮೂರೂ ಪತ್ರಿಕೆಗಳಲ್ಲಿ ಬರೆಯುವ ರೀತಿಯಲ್ಲಿದೆ, ಹೆಚ್ಚಿನ ಪತ್ರಿಕೆಗಳಲ್ಲಿ 30 ಅಂಕಕ್ಕಿರುವ ಎಂಸಿಕ್ಯೂನಲ್ಲಿದೆ. ಇಂಟರ್, ಫೈನಲ್‌ಗಳಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಹೀಗಿದ್ದೂ ಎಂಸಿಕ್ಯೂ ಖಾಲಿ ಬಿಟ್ಟು ಬರುವವರಿದ್ದಾರೆ. ದಯವಿಟ್ಟು ಬಿಡಬೇಡಿ.

500 ರೂಪಾಯಿಯ ಕೆಲಸ

ಅಂಕಪಟ್ಟಿ ಎಷ್ಟು ಹೋಯಿತು ಎನ್ನುತ್ತದೆ, ಏಕೆ ಹೋಯಿತು ಎನ್ನುವುದಿಲ್ಲ. ಅದಕ್ಕೆ ಉತ್ತರಪತ್ರಿಕೆಯ ದೃಢೀಕೃತ ಪ್ರತಿ ತರಿಸಿಕೊಳ್ಳಬೇಕು. ಫಲಿತಾಂಶ ಬಂದ 30 ದಿನದೊಳಗೆ ಪರೀಕ್ಷೆ ನಡೆಸುವ ಐಸಿಎಐಯ ಜಾಲತಾಣದಲ್ಲಿ ಅರ್ಜಿ ಹಾಕಬೇಕು. ಪತ್ರಿಕೆಯೊಂದಕ್ಕೆ 500 ರೂಪಾಯಿ. ಮೇ ಪರೀಕ್ಷೆಯ ಫಲಿತಾಂಶ ಜುಲೈಯಲ್ಲಿ ಬಂದರೆ ಮುಂದಿನ ಪರೀಕ್ಷೆ ಸೆಪ್ಟೆಂಬರಿನಲ್ಲೇ. ಪ್ರತಿ ಕೈಸೇರಲು ಕೆಲವು ವಾರ ಬೇಕಾಗುವುದರಿಂದ ಫಲಿತಾಂಶದ ದಿನವೇ ಅರ್ಜಿ ಹಾಕಿಬಿಡಿ. ಅಳುವುದಿದ್ದರೆ ಅರ್ಜಿ ಹಾಕಿ ಅಳಿ.

ಇದನ್ನು ‘ವೆರಿಫಿಕೇಶನ್’ ಜೊತೆ ಕಲಸಿಕೊಳ್ಳಬೇಡಿ. ವೆರಿಫಿಕೇಶನ್‌ನಲ್ಲಿ ಕೂಡಿದ್ದು ಸರಿಯೇ, ಯಾವುದಾದರೂ ಉತ್ತರಕ್ಕೆ ಅಂಕ ಹಾಕುವುದು ತಪ್ಪಿದೆಯೇ ಎಂದಷ್ಟೇ ನೋಡುತ್ತಾರೆ. ಮರುಮೌಲ್ಯಮಾಪನ ಸಿ.ಎ. ಪರೀಕ್ಷೆಯಲ್ಲಿ ಇಲ್ಲವೇ ಇಲ್ಲ. ಅಂಕ ಹೆಚ್ಚುತ್ತದೆಂಬ ಆಸೆಯಲ್ಲಿ ಓದು ನಿಲ್ಲಿಸಿ ಕಾದು ಕೂತು ಮುಂದಿನ ಅಟೆಂಪ್ಟನ್ನೂ ಕಳೆದುಕೊಂಡವರನ್ನು ಬಲ್ಲೆ.

ಪ್ರತಿ ಬಂದ ಮೇಲೆ ಅದೇ ಪರೀಕ್ಷೆಯ ‘ಸಜೆಸ್ಟೆಡ್ ಆನ್ಸರ್ಸ್’ ಡೌನ್‌ಲೋಡ್ ಮಾಡಿ ಪಕ್ಕದಲ್ಲಿಟ್ಟುಕೊಳ್ಳಿ. ಒಂದೊಂದು ಪ್ರಶ್ನೆಗೂ ನಿಮ್ಮ ಉತ್ತರ, ಅವರ ಉತ್ತರ ಎರಡನ್ನೂ ಸಾಲುಸಾಲಾಗಿ ಓದಿ. ಅಂಕ ಹೋದ ಕಡೆಯಲ್ಲೆಲ್ಲ ಮೂರರಲ್ಲಿ ಒಂದು ಗುರುತು ಹಾಕಿ: ವಿಷಯವೇ ಗೊತ್ತಿರಲಿಲ್ಲ, ಗೊತ್ತಿತ್ತು ಆದರೆ ಬರೆದಿಲ್ಲ, ಸಮಯ ಸಾಲಲಿಲ್ಲ. ಮೊದಲ ಗುರುತೇ ತುಂಬಾ ಇರುತ್ತದೆ ಎಂದು ಎಲ್ಲರೂ ಅಂದುಕೊಂಡು ಕೂರುತ್ತಾರೆ. ನಾನು ಜೊತೆಗೆ ಕೂತು ನೋಡಿದ ಉತ್ತರಪತ್ರಿಕೆಗಳಲ್ಲಿ ಹೆಚ್ಚಾಗಿ ಕಂಡದ್ದು ಎರಡನೆಯದು.

ಇದು ಹೇಗಿರುತ್ತದೆ ಎಂದು ತೋರಿಸುತ್ತೇನೆ. ಇಂಟರ್‌ನ ಕಂಪನಿ ಕಾನೂನಿನಲ್ಲಿ ಹೀಗೊಂದು ಪ್ರಶ್ನೆ ಇರಲಿ: ಮಾರ್ಚ್ 31ಕ್ಕೆ ಲೆಕ್ಕ ಮುಗಿಸುವ ಕಂಪನಿಯೊಂದು 2023ರ ಆಗಸ್ಟ್ 20ರಂದು ವಾರ್ಷಿಕ ಸಾಮಾನ್ಯ ಸಭೆ ನಡೆಸಿದೆ. ಮುಂದಿನ ಸಭೆಯನ್ನು 2024ರ ಡಿಸೆಂಬರ್ 28ಕ್ಕೆ ಇಟ್ಟುಕೊಂಡಿದೆ. ಸರಿಯೇ? ಇದು ಕಂಪನಿ ಕಾಯ್ದೆಯ ಸೆಕ್ಷನ್ 96ರ ವಿಷಯ; ಇಂಟರ್ ಓದಿದವರಿಗೆಲ್ಲ ಬಾಯಿಪಾಠ. ವಿದ್ಯಾರ್ಥಿ ಬರೆಯುತ್ತಾನೆ: ‘ಆರು ತಿಂಗಳೊಳಗೆ ಸಭೆ ನಡೆಯಬೇಕು. ನಡೆದಿಲ್ಲ. ಆದ್ದರಿಂದ ಸರಿಯಲ್ಲ.’ ಮೂರು ಸಾಲು, ಹೊರಬಂದಾಗ ‘ಅದು ಬಂತು’ ಎಂಬ ಸಮಾಧಾನ.

ಆ ಉತ್ತರದಲ್ಲಿ ಏನೇನಿಲ್ಲ ನೋಡಿ. ಪ್ರತಿ ವರ್ಷ ಒಂದು ಸಭೆ ನಡೆಯಬೇಕೆಂಬ ಮಾತಿಲ್ಲ. ಎರಡು ಸಭೆಗಳ ನಡುವೆ 15 ತಿಂಗಳಿಗಿಂತ ಹೆಚ್ಚು ಅಂತರ ಕೂಡದೆಂಬ ನಿಯಮವಿಲ್ಲ. ದಿನಾಂಕದ ಲೆಕ್ಕವಿಲ್ಲ: ಆರು ತಿಂಗಳ ಗಡುವು 2024ರ ಸೆಪ್ಟೆಂಬರ್ 30, ಹದಿನೈದು ತಿಂಗಳ ಗಡುವು ನವೆಂಬರ್ 20, ಡಿಸೆಂಬರ್ 28 ಎರಡನ್ನೂ ದಾಟಿದೆ. ವಿಶೇಷ ಕಾರಣವಿದ್ದರೆ ಮೊದಲ ಸಭೆಯನ್ನುಳಿದು ಬೇರೆ ಸಭೆಗೆ ರಿಜಿಸ್ಟ್ರಾರ್ ಮೂರು ತಿಂಗಳವರೆಗೆ ಕಾಲ ವಿಸ್ತರಿಸಬಹುದು, ಅಂಥ ಅನುಮತಿಯ ಸುದ್ದಿ ಪ್ರಶ್ನೆಯಲ್ಲಿಲ್ಲ ಎಂಬುದೂ ಇಲ್ಲ. ಇದೆಲ್ಲ ಆ ವಿದ್ಯಾರ್ಥಿಗೆ ಗೊತ್ತು. ಕೇಳಿದರೆ ಪಟಪಟನೆ ಹೇಳುತ್ತಾನೆ. ಮೌಲ್ಯಮಾಪಕರ ಮುಂದೆ ಇರುವುದು ಹಾಳೆ ಮಾತ್ರ. ಕಾನೂನು ಏನು, ಪ್ರಶ್ನೆಯ ಸಂಗತಿಗೆ ಅದು ಹೇಗೆ ಅನ್ವಯಿಸುತ್ತದೆ, ತೀರ್ಮಾನ ಏನು ಎಂಬ ಮೂರು ಭಾಗಕ್ಕೂ ಅಂಕವಿದೆ. ಬರೀ ತೀರ್ಮಾನ ಬರೆದವರಿಗೆ ಆ ಭಾಗದ್ದಷ್ಟೇ ಸಿಗುತ್ತದೆ. ಅಕೌಂಟ್ಸ್‌ನಲ್ಲಿ ವರ್ಕಿಂಗ್ ನೋಟ್ಸ್ ಬಿಡುವುದೂ ಇದೇ ತಪ್ಪು. ಕೊನೆಯ ಉತ್ತರ ತಪ್ಪಾದರೂ ಹಂತಗಳಿಗೆ ಅಂಕ ಬರುತ್ತಿತ್ತು. ಹಂತಗಳನ್ನು ಕ್ಯಾಲ್ಕುಲೇಟರ್‌ನಲ್ಲೇ ಮುಗಿಸಿದರೆ ಕೊಡಲು ಅವರ ಬಳಿ ಏನೂ ಇರುವುದಿಲ್ಲ.

‘ಇದು ಗೊತ್ತು’ ಎಂಬ ಅಪಾಯ

ಎರಡನೇ ಸಲ ಓದುವವರಿಗೆ ಮಾತ್ರ ಇರುವ ಒಂದು ಅಪಾಯ ಇದು. ಇದನ್ನು ಸ್ವಲ್ಪ ಬಿಡಿಸಿ ಹೇಳದೆ ನನಗೆ ಸಮಾಧಾನವಿಲ್ಲ. ಮೊದಲ ಸಲ ಓದಿದಾಗ ಪುಟ ಹೊಸದು, ಅರ್ಥವಾಗದ್ದು ಅರ್ಥವಾಗಿಲ್ಲ ಎಂದು ತಿಳಿಯುತ್ತಿತ್ತು. ಈಗ ಪ್ರತಿ ಪುಟವೂ ಪರಿಚಿತ. ಅಡಿಗೆರೆ ನಿಮ್ಮದೇ, ಉದಾಹರಣೆ ಹಿಂದೆ ಕಂಡದ್ದೇ. ಕಣ್ಣು ಸರಾಗವಾಗಿ ಓಡುತ್ತದೆ, ಮನಸ್ಸು ‘ಇದು ಗೊತ್ತು’ ಎನ್ನುತ್ತದೆ. ದಿನಕ್ಕೆ ಎಂಬತ್ತು ಪುಟ ಮುಗಿಯುತ್ತದೆ, ವೇಳಾಪಟ್ಟಿಯಲ್ಲಿ ಗೆರೆ ಹೊಡೆದು ಮಲಗುತ್ತೀರಿ. ಬಸ್ಸಿನಲ್ಲಿ ದಿನಾ ಕಾಣುವ ಮುಖದ ಹೆಸರು ಕೇಳಿದರೆ ಹೇಗೆ ಬಾಯಿಗೆ ಬರುವುದಿಲ್ಲವೋ, ಪರೀಕ್ಷೆಯ ಹಾಲ್‌ನಲ್ಲಿ ಆಗುವುದೂ ಹಾಗೆಯೇ. ಅದೇ ತರಗತಿಯ ವಿಡಿಯೊವನ್ನು ಎರಡು ಪಟ್ಟು ವೇಗದಲ್ಲಿ ಮತ್ತೆ ನೋಡುವುದು ಇನ್ನೂ ಕೆಟ್ಟದ್ದು. ಅಲ್ಲಿ ಲೆಕ್ಕ ಬಿಡಿಸುವುದು ಮೇಷ್ಟ್ರು, ತಲೆಯಾಡಿಸುವುದಷ್ಟೇ ನೀವು.

ಹಾಗಾಗಿ ಕ್ರಮವನ್ನು ತಿರುಗಿಸಿ. ಅಧ್ಯಾಯ ಓದುವ ಮೊದಲೇ ಆ ಅಧ್ಯಾಯದ ಎರಡು ಪ್ರಶ್ನೆಗಳನ್ನು ಹಿಂದಿನ ಪ್ರಶ್ನೆಪತ್ರಿಕೆಯಿಂದಲೋ ಆರ್‌ಟಿಪಿಯಿಂದಲೋ (ಐಸಿಎಐಯ ರಿವಿಶನ್ ಟೆಸ್ಟ್ ಪೇಪರ್) ತೆಗೆದು, ಪುಸ್ತಕ ಮುಚ್ಚಿ, ಪೆನ್ನಿನಲ್ಲಿ, ಗಡಿಯಾರ ಇಟ್ಟು ಬರೆಯಿರಿ. ಆಮೇಲೆ ತಾಳೆ ನೋಡಿ. ಎಲ್ಲಿ ಎಡವಿದಿರೋ ಆ ಭಾಗವನ್ನು ಮಾತ್ರ ಓದಿ. ಸರಿಯಾಗಿ ಬಂದರೆ ಆ ಅಧ್ಯಾಯ ಮುಂದಕ್ಕೆ, ಇನ್ನೊಂದು ವಾರ ಬಿಟ್ಟು ಬೇರೆ ಪ್ರಶ್ನೆ. ಎಡವಿದ್ದನ್ನೆಲ್ಲ ಒಂದು ಪ್ರತ್ಯೇಕ ನೋಟ್‌ಬುಕ್ಕಿನಲ್ಲಿ ಒಂದೊಂದು ಸಾಲಿನಲ್ಲಿ ಬರೆದಿಡಿ. ಪರೀಕ್ಷೆಯ ಹಿಂದಿನ ದಿನ ಓದಲು ಅದಕ್ಕಿಂತ ಒಳ್ಳೆಯ ಪುಸ್ತಕ ನಿಮಗೆ ಯಾರೂ ಕೊಡಲಾರರು. ಮೊದಲ ಒಂದು ವಾರ ಇದು ಹಿಂಸೆ ಅನಿಸುತ್ತದೆ, ಓದು ಮುಂದಕ್ಕೆ ಹೋಗುತ್ತಿಲ್ಲ ಅನಿಸುತ್ತದೆ. ಆಗ ಬಿಟ್ಟುಬಿಡಬೇಡಿ.

ಕೋಚಿಂಗ್ ಬೇಕೇ? ಉತ್ತರಪತ್ರಿಕೆಯಲ್ಲಿ ‘ಗೊತ್ತಿರಲಿಲ್ಲ’ ಎಂಬ ಗುರುತೇ ಹೆಚ್ಚಿರುವ ಪತ್ರಿಕೆಗೆ ಮಾತ್ರ. ಅದಕ್ಕೂ ಮೊದಲು ಐಸಿಎಐಯವರೇ ಉಚಿತವಾಗಿ ಕೊಡುವ ಆನ್‌ಲೈನ್ ತರಗತಿಗಳನ್ನು ನೋಡಿ. ಎಲ್ಲ ಪತ್ರಿಕೆಗೂ ಮತ್ತೆ ಪೂರ್ತಿ ಕೋರ್ಸಿಗೆ ಸೇರುವುದು ಹಣಕ್ಕಿಂತ ಹೆಚ್ಚಾಗಿ ದಿನಗಳ ನಷ್ಟ. ಮುಂದಿನ ಪರೀಕ್ಷೆಗೆ ಉಳಿದಿರುವ ದಿನಗಳಲ್ಲಿ ಮುಕ್ಕಾಲು ಪಾಲು ಕೇಳುವುದಕ್ಕೇ ಹೋಗುತ್ತದೆ.

ಹಳೆಯ ನೋಟ್ಸ್ ಎಚ್ಚರ

ಕಾನೂನು, ತೆರಿಗೆ, ಆಡಿಟ್ ಪತ್ರಿಕೆಗಳಲ್ಲಿ ಕಳೆದ ಸಲದ ನೋಟ್ಸ್ ನಂಬಿ ಕೂರಬೇಡಿ. 1961ರ ಆದಾಯ ತೆರಿಗೆ ಕಾಯ್ದೆಯ ಜಾಗದಲ್ಲಿ 2025ರ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿ. ಸೆಕ್ಷನ್ ಸಂಖ್ಯೆಗಳೇ ಬೇರೆ, ‘ಅಸೆಸ್‌ಮೆಂಟ್ ಇಯರ್’ ಹೋಗಿ ‘ಟ್ಯಾಕ್ಸ್ ಇಯರ್’ ಬಂದಿದೆ. ಜಿಎಸ್‌ಟಿ ದರಗಳು 2025ರ ಸೆಪ್ಟೆಂಬರ್ 22ರಿಂದ ಬದಲಾಗಿವೆ. ಆದರೆ ಜಾರಿಯಾದ ದಿನವೇ ಹೊಸ ಕಾನೂನು ಪರೀಕ್ಷೆಗೆ ಬಂತು ಎಂದೂ ತಿಳಿಯಬೇಡಿ. ಯಾವ ಅಟೆಂಪ್ಟ್‌ಗೆ ಯಾವ ಕಾನೂನು, ಯಾವ ದಿನಾಂಕದವರೆಗಿನ ತಿದ್ದುಪಡಿ ಎಂಬುದನ್ನು ಐಸಿಎಐ ಪ್ರತಿ ಪರೀಕ್ಷೆಗೂ ಪ್ರಕಟಿಸುತ್ತದೆ. ಅದನ್ನು ಮುದ್ರಿಸಿ ಗೋಡೆಗೆ ಅಂಟಿಸಿ. ಗೆಳೆಯರ ವಾಟ್ಸ್‌ಆ್ಯಪ್ ಸಂದೇಶ ಇದಕ್ಕೆ ಆಧಾರವಾಗಬಾರದು.

ಮನೆಯಲ್ಲೇ ಮೂರು ಗಂಟೆ

ಸಿ.ಎ. ಕೋರ್ಸಿನ ಹೊಸ ಯೋಜನೆಯಲ್ಲಿ ಇಂಟರ್‌ನ ಎರಡೂ ಗ್ರೂಪ್ ಮುಗಿಸದೆ ಆರ್ಟಿಕಲ್‌ಶಿಪ್‌ಗೆ ಸೇರುವಂತಿಲ್ಲ. ಹಾಗಾಗಿ ಇಂಟರ್ ಫೇಲಾದವರು ದಿನವಿಡೀ ಮನೆಯಲ್ಲಿ ಒಬ್ಬರೇ ಉಳಿಯುತ್ತಾರೆ. ಇದು ಒಳ್ಳೆಯದಲ್ಲ. ಬೆಂಗಳೂರು, ಮೈಸೂರು, ಮಂಗಳೂರು, ಉಡುಪಿ, ಹುಬ್ಬಳ್ಳಿ, ಬೆಳಗಾವಿ, ಬಳ್ಳಾರಿ, ಕಲಬುರಗಿಗಳಲ್ಲಿ ಐಸಿಎಐ ಶಾಖೆಗಳಿವೆ. ವಾಚನಾಲಯ ಇದೆಯೇ, ಅಣಕು ಪರೀಕ್ಷೆ ಯಾವಾಗ ಎಂದು ಅಲ್ಲಿಗೇ ಹೋಗಿ ವಿಚಾರಿಸಿ. ದೂರದ ಊರಿನವರು ಅಣಕು ಪ್ರಶ್ನೆಪತ್ರಿಕೆಗಳನ್ನು ಡೌನ್‌ಲೋಡ್ ಮಾಡಿ ಹೆಚ್ಚಿನ ಪತ್ರಿಕೆಗಳು ನಡೆಯುವ ಸಮಯಕ್ಕೇ, ಮಧ್ಯಾಹ್ನ 2ರಿಂದ 5ರವರೆಗೆ, ಎದ್ದೇಳದೆ ಬರೆಯಿರಿ. ಊಟವಾದ ಮೇಲಿನ ಆ ಹೊತ್ತಿನಲ್ಲಿ ಮಲಗಿ ಅಭ್ಯಾಸವಾದ ಮೈ ಪರೀಕ್ಷೆಯ ದಿನ ಕೇಳುವುದಿಲ್ಲ. ಎಂಸಿಕ್ಯೂಗೆ 45 ನಿಮಿಷ ತೆಗೆದಿಟ್ಟರೆ ಉಳಿದ 70 ಅಂಕಕ್ಕೆ 135 ನಿಮಿಷ; 14 ಅಂಕದ ಪ್ರಶ್ನೆಗೆ 27 ನಿಮಿಷ. ಅಷ್ಟಾದ ಕೂಡಲೇ ಲೆಕ್ಕ ಅರ್ಧಕ್ಕಿದ್ದರೂ ಜಾಗ ಬಿಟ್ಟು ಮುಂದಿನದಕ್ಕೆ ಹೋಗಿ.

ಕನ್ನಡ ಮಾಧ್ಯಮದಿಂದ ಬಂದವರಿಗೆ: ಉತ್ತರವನ್ನು ಇಂಗ್ಲಿಷ್ ಅಥವಾ ಹಿಂದಿಯಲ್ಲೇ ಬರೆಯಬೇಕು. ಗೆಳೆಯರ ಜೊತೆ ಚರ್ಚೆ ಕನ್ನಡದಲ್ಲೇ ನಡೆಯಲಿ, ಅರ್ಥ ಗಟ್ಟಿಯಾಗುತ್ತದೆ. ಬರೆಯುವಾಗ ಚಿಕ್ಕ ವಾಕ್ಯ ಸಾಕು. ಕಾಯ್ದೆಯ ಮುಖ್ಯ ಪದಗಳು ಮಾತ್ರ ಕಾಯ್ದೆಯಲ್ಲಿದ್ದಂತೆಯೇ ಬರಲಿ. ಅಲಂಕಾರದ ಇಂಗ್ಲಿಷಿಗೆ ಅಂಕವಿಲ್ಲ.

ಉಳಿದ ಕೆಲವು

ಎಕ್ಸೆಂಪ್ಷನ್‌ನ ಮೂರು ಪರೀಕ್ಷೆಗಳು ನೀವು ಬರೆಯಲಿ, ಬಿಡಲಿ, ಎಣಿಕೆಯಾಗುತ್ತವೆ. ಪರೀಕ್ಷೆ ವರ್ಷಕ್ಕೆ ಮೂರು ಸಲ ನಡೆಯುವುದರಿಂದ (ಇಂಟರ್ 2024ರಿಂದ, ಫೈನಲ್ 2025ರಿಂದ) ಒಂದು ವರ್ಷದಲ್ಲೇ ಅದು ಮುಗಿದುಹೋಗಬಹುದು. ಆಮೇಲೆ ಅದನ್ನು ಕಾಯಂ ಮಾಡಿಕೊಳ್ಳುವ ಅವಕಾಶವಿದೆ, ಆದರೆ ಆಗ ಗ್ರೂಪಿನ ಉಳಿದ ಪ್ರತಿ ಪತ್ರಿಕೆಯಲ್ಲೂ 40 ಅಲ್ಲ, 50 ಬೇಕು. ಯೋಚಿಸಿ ಒಪ್ಪಿ. ಇಂಟರ್ ನೋಂದಣಿ ಐದು ವರ್ಷಕ್ಕೆ. ನವೀಕರಣ ಒಂದೇ ಸಲ. ಪರೀಕ್ಷಾ ಅರ್ಜಿಯ ಅವಧಿ ಫಲಿತಾಂಶದ ಬೆನ್ನಿಗೇ ತೆರೆದು ಬೇಗ ಮುಚ್ಚುತ್ತದೆ. ಅರ್ಜಿಯಲ್ಲಿ ಗ್ರೂಪ್, ಪರೀಕ್ಷಾ ಕೇಂದ್ರ, ಎಕ್ಸೆಂಪ್ಷನ್ ಸರಿಯಾಗಿ ಕಾಣುತ್ತಿವೆಯೇ ಎಂದು ಹಣ ಕಟ್ಟುವ ಮೊದಲು ನೋಡಿಕೊಳ್ಳಿ.