ಹಕ್ಕಿಯ ಚಿತ್ರವೂ ಹಕ್ಕಿಯ ನಡತೆಯೂ

ಮಳವಳ್ಳಿ ತಾಲ್ಲೂಕಿನ ಕಿರುಗಾವಲು ಬತ್ತದ ನಾನಾ ತಳಿಗಳಿಗೂ ಹಳೆಯ ಮಾವಿನ ತೋಪಿಗೂ ಹೆಸರಾದ ಊರು. ಗದ್ದೆ, ನೀರು, ತೋಪು ಈ ಮೂರೂ ಕೂಡಿದೆಡೆಯಲ್ಲಿ ಹಕ್ಕಿಗಳಿಗೆ ಕೊರತೆಯಿರಲಾರದು. ಉಳುವಾಗ ಬೆಳ್ಳಕ್ಕಿ, ಪೈರು ಬೆಳೆದಾಗ ಗೀಜಗ, ಕೊಯಿಲಾದ ಮೇಲೆ ಬಯಲಿನಲ್ಲಿ ಟಿಟ್ಟಿಭ, ಹೀಗೆ ಒಂದೊಂದು ಕಾಲಕ್ಕೆ ಒಂದೊಂದು ಹಕ್ಕಿ ನಮ್ಮ ಕಣ್ಣಿಗೆ ಬೀಳುವುದು. ಈಗ ಮನೆಮನೆಗೂ ಮೊಬೈಲ್ ಫೋನು ಬಂದಿರುವುದರಿಂದ ಇವುಗಳ ಚಿತ್ರವನ್ನು ತೆಗೆಯುವುದು ಸುಲಭವಾಗಿದೆ. ಆದರೆ ನೋಡುವುದು ಸುಲಭವಾಗಿಲ್ಲ. ನೋಡಲು ಕಲಿಯದೆ ಚಿತ್ರ ತೆಗೆಯಲು ಹೊರಟವರಿಗೆ ಒಳ್ಳೆಯ ಚಿತ್ರವೂ ದೊರೆಯದು, ಹಕ್ಕಿಗೂ ಕೇಡು ತಪ್ಪದು. ಈ ಮಾತನ್ನು ಎರಡು ಮೂರು ದೃಷ್ಟಾಂತಗಳಿಂದ ವಿಶದಪಡಿಸುವುದೇ ಈ ಪಾಠದ ಉದ್ದೇಶ.

ಮೊದಲು ಗೀಜಗವನ್ನು ತೆಗೆದುಕೊಳ್ಳೋಣ. ಮಳೆಗಾಲದಲ್ಲಿ ಗಂಡುಹಕ್ಕಿಯ ನೆತ್ತಿ ಹಳದಿಯಾಗುವುದು. ಅದು ಬತ್ತದ ಗರಿಯಿಂದಲೂ ಒರಟು ಹುಲ್ಲಿನಿಂದಲೂ ಉದ್ದವಾದ ಸೀಳುಗಳನ್ನು ಹರಿದು ತಂದು ಗೂಡನ್ನು ಹೆಣೆಯುವುದು. ಒಂದು ಗೂಡಿಗಾಗಿ ಸುಮಾರು 500 ಸಲ ಹೋಗಿ ಬರುವುದುಂಟು. ಗೂಡು ಬೋರಲು ಹಾಕಿದ ಬುಟ್ಟಿಯಂತೆ ಅರ್ಧ ಮುಗಿದಾಗ ಹೆಣ್ಣುಹಕ್ಕಿಗಳು ಬಂದು ಒಳಹೊಕ್ಕು ಪರೀಕ್ಷಿಸುವುವು. ಒಂದು ಹೆಣ್ಣು ಒಪ್ಪಿದರೆ ಗಂಡು ಮೊಟ್ಟೆಯ ಕೋಣೆಯನ್ನೂ ಉದ್ದನೆಯ ಕೊಳವೆಯಂತಹ ಬಾಗಿಲನ್ನೂ ಕಟ್ಟಿ ಮುಗಿಸುವುದು. ಬಳಿಕ ಮತ್ತೊಂದು ಗೂಡಿಗೆ ಕೈಹಚ್ಚುವುದು. ಯಾವ ಹೆಣ್ಣೂ ಒಪ್ಪದ ಗೂಡು ಅರ್ಧಕ್ಕೇ ನಿಲ್ಲುವುದು. ಮರದಲ್ಲಿ ತೂಗುವ ಅರೆಗೂಡಿನ ಚಿತ್ರವನ್ನು ತೆಗೆದವರು, ಗಾಳಿಮಳೆಗೆ ಸಿಕ್ಕಿ ಹರಿದ ಗೂಡು ಇದೆಂದು ತಿಳಿಯಬಹುದು. ಅದು ಯಾರೂ ಮೆಚ್ಚದ ಮನೆಯೂ ಆಗಿರಬಹುದೆಂಬುದನ್ನು ಚಿತ್ರವು ಹೇಳಲಾರದು, ದಿನದಿನವೂ ನೋಡಿ ಬರೆದಿಟ್ಟ ಟಿಪ್ಪಣಿಯು ಹೇಳುವುದು. ಪಕ್ಷಿಶಾಸ್ತ್ರಜ್ಞರಾದ ಸಲೀಂ ಆಲಿಯವರು 1930ರ ಮಳೆಗಾಲದಲ್ಲಿ ಮುಂಬಯಿಗೆ ಸಮೀಪದ ಕಿಹೀಮ್ ಎಂಬ ಕಡಲತೀರದ ಊರಿನಲ್ಲಿ ಕುಳಿತು ಗೀಜಗದ ಈ ಸಂಸಾರಕ್ರಮವನ್ನು ಲೋಕಕ್ಕೆ ತಿಳಿಸಿದರು. ಅವರಿಗೆ ನೆರವಾದುದು ಕಣ್ಣು, ಪುಸ್ತಕ, ತಾಳ್ಮೆ ಇಷ್ಟೇ.

ಎರಡನೆಯದು ಟಿಟ್ಟಿಭ. ಇದು ಬರಿಯ ನೆಲದ ಮೇಲೆ, ಹೆಂಟೆಗಳ ನಡುವೆ, ಸಾಮಾನ್ಯವಾಗಿ ನಾಲ್ಕು ಮೊಟ್ಟೆಗಳನ್ನಿಡುವುದು. ಮೊಟ್ಟೆಯ ಬಣ್ಣವು ಮಣ್ಣಿನ ಬಣ್ಣಕ್ಕೆ ಕಲೆತಿರುವುದರಿಂದ ಕಾಲಬುಡದಲ್ಲಿದ್ದರೂ ಕಾಣದು. ಮನುಷ್ಯರು ಬರುವುದನ್ನು ಕಂಡರೆ ಹಕ್ಕಿಯು ಸದ್ದಿಲ್ಲದೆ ಗೂಡಿನಿಂದ ನಡೆದುಹೋಗಿ, ದೂರದಲ್ಲಿ ನಿಂತು ಅರಚತೊಡಗುವುದು. ಆದುದರಿಂದ ಕೂಗು ಕೇಳಿದೆಡೆಯಲ್ಲಿಯೇ ಮೊಟ್ಟೆಯಿದೆಯೆಂದು ತಿಳಿಯಲಾಗದು. ಬೇಸಗೆಯ ನಡುಹಗಲಿನಲ್ಲಿ ಈ ಹಕ್ಕಿ ಮೊಟ್ಟೆಯ ಮೇಲೆ ಕುಳಿತಿರುವುದು ಕಾವು ಕೊಡುವುದಕ್ಕಲ್ಲ, ನೆರಳು ಕೊಡುವುದಕ್ಕೆ. ಎದೆಹೊಟ್ಟೆಗಳ ಗರಿಗಳನ್ನು ನೀರಿನಲ್ಲಿ ತೋಯಿಸಿಕೊಂಡು ಬಂದು ಮೊಟ್ಟೆಗಳನ್ನು ತಂಪುಮಾಡುವುದೂ ಉಂಟು. ಇದನ್ನು ಅರಿತವರು ಬಿರುಬಿಸಿಲಿನಲ್ಲಿ ಅರ್ಧಗಂಟೆ ಗೂಡಿನ ಬಳಿ ನಿಂತು ತಾಯಿಹಕ್ಕಿಯನ್ನು ದೂರವಿರಿಸುವರೇ? ಅರಿಯದವರು ಇರಿಸುವರು, ಅಷ್ಟರಲ್ಲಿ ಮೊಟ್ಟೆಯೊಳಗಿನ ಜೀವವು ಬಿಸಿಲಿಗೆ ಬೆಂದುಹೋಗಬಹುದು.

ಹಾಗಾದರೆ ಹಕ್ಕಿಯ ಸಮೀಪಕ್ಕೆ ಹೋಗುವುದೆಂತು? ಇಂಗ್ಲೆಂಡಿನ ಕೀರ್ಟನ್ ಸಹೋದರರಾದ ರಿಚರ್ಡ್ ಮತ್ತು ಚೆರಿ ಎಂಬವರು 1892ರಲ್ಲಿ ಮೊಟ್ಟೆಗಳಿಂದ ಕೂಡಿದ ಗೂಡೊಂದರ ಚಿತ್ರವನ್ನು ತೆಗೆದು ಈ ವಿದ್ಯೆಗೆ ದಾರಿ ತೋರಿಸಿದರು. ಅನಂತರ ಅವರು ಎತ್ತಿನ ಚರ್ಮದಿಂದ ಪೊಳ್ಳಾದ ಎತ್ತೊಂದನ್ನು ಮಾಡಿ, ಅದರೊಳಗೆ ಅಡಗಿ ನಿಂತು ಚಿತ್ರ ತೆಗೆದರು. ಕೇಳಿದರೆ ನಗು ಬರುವುದು. ಆದರೆ ನಮ್ಮ ಗದ್ದೆಗಳಲ್ಲಿ ಎತ್ತಿನ ಕಾಲಿನ ಪಕ್ಕದಲ್ಲಿಯೇ ಬೆಳ್ಳಕ್ಕಿಯು ಹುಳುಗಳನ್ನು ಹೆಕ್ಕುವುದನ್ನು ಕಂಡವರಿಗೆ ಅದರ ಯುಕ್ತಿ ತಿಳಿಯದೆ ಇರದು. ಹಕ್ಕಿಗೆ ಭಯವಿರುವುದು ಮನುಷ್ಯನ ಆಕಾರಕ್ಕೂ ಅವಸರದ ಚಲನೆಗೂ. ಆದುದರಿಂದ ಮರೆಯೊಂದನ್ನು ಹೂಡಿ, ಮೊದಲ ದಿನ ದೂರದಲ್ಲಿಟ್ಟು, ಹಕ್ಕಿಯು ಒಗ್ಗಿದ ಮೇಲೆ ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಹತ್ತಿರಕ್ಕೆ ತರತಕ್ಕದ್ದು. ಬೆಳಗಿನ ಎಳೆಬಿಸಿಲು ನಮ್ಮ ಬೆನ್ನಿಗಿರಬೇಕು. ಯಂತ್ರವು ಹಕ್ಕಿಯ ಕಣ್ಣಿನ ಮಟ್ಟಕ್ಕಿರಬೇಕು. ಹಾರುವ ಹಕ್ಕಿಯ ರೆಕ್ಕೆ ಮಸಕಾಗದಿರಬೇಕಾದರೆ ಸೆಕೆಂಡಿನ ಸಾವಿರದಲ್ಲೊಂದು ಪಾಲಿನಷ್ಟು ಕಾಲ ಮಾತ್ರ ಬೆಳಕು ಒಳಹೊಗುವಂತೆ ಮಾಡಬೇಕು.

ಇಲ್ಲಿ ನಾವೇ ಮಾಡಿದ ತಪ್ಪೊಂದನ್ನು ಮರೆಮಾಚಿದರೆ ಪಾಠವು ಪೂರ್ಣವಾಗದು. ಒಂದು ವರ್ಷ ಹೊಲದ ಬೇಲಿಯ ಪೊದೆಯಲ್ಲಿ ಪಿಕಳಾರದ ಗೂಡನ್ನು ಕಂಡೆವು. ಮೂರು ಮೊಟ್ಟೆಗಳಿದ್ದುವು. ಎಲೆಯ ನೆರಳಿನಿಂದ ಚಿತ್ರವು ಕಪ್ಪಾಗುವುದೆಂದು ಎರಡು ರೆಂಬೆಗಳನ್ನು ದಾರದಿಂದ ಪಕ್ಕಕ್ಕೆ ಎಳೆದು ಕಟ್ಟಿದೆವು. ಚಿತ್ರವು ಚೆನ್ನಾಗಿಯೇ ಬಂದಿತು. ಸಂತೋಷದಲ್ಲಿ ದಾರವನ್ನು ಬಿಚ್ಚಲು ಮರೆತು ಮನೆಗೆ ಬಂದೆವು. ಮರುದಿನ ಹೋಗಿ ನೋಡಲು ಗೂಡು ಬರಿದಾಗಿತ್ತು. ಬೇಲಿಯ ಬುಡದಲ್ಲಿ ಕೆಂಬೂತವೊಂದು ಓಡಾಡುತ್ತಿದ್ದಿತು. ಅದೇ ಮೊಟ್ಟೆಗಳನ್ನು ತಿಂದಿತೆಂದು ನಾವು ಆಣೆಯಿಟ್ಟು ಹೇಳಲಾರೆವು. ಆದರೆ ಮರೆಯನ್ನು ತೆಗೆದವರು ನಾವು. ಪಿಕಳಾರಗಳೆರಡೂ ಬಹಳ ಹೊತ್ತು ಆ ಪೊದೆಯನ್ನೇ ಸುತ್ತಿ ಕೂಗುತ್ತಿದ್ದುವು. ಆ ಚಿತ್ರವು ಇಂದಿಗೂ ನಮ್ಮಲ್ಲಿದೆ. ಅದನ್ನು ಮೆಚ್ಚಿಕೆಗಾಗಿ ಯಾರಿಗೂ ತೋರಿಸಿದುದಿಲ್ಲ. ಗೂಡನ್ನೂ ಮೊಟ್ಟೆಗಳನ್ನೂ ಕೆಡಿಸುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾನೂನು ಬೇಟೆಯೊಡನೆಯೇ ಎಣಿಸಿದೆ. ಕಾನೂನಿಲ್ಲದಿದ್ದರೂ ಆ ಕೂಗು ಸಾಕಾಗಿತ್ತು.

ಇದಕ್ಕೆ ಪ್ರತಿಯಾಗಿ ಸಂತೋಷದ ದೃಷ್ಟಾಂತವೂ ನಮ್ಮ ನೆರೆಯಲ್ಲಿಯೇ ಇದೆ. ಮದ್ದೂರು ತಾಲ್ಲೂಕಿನಲ್ಲಿ ಶಿಂಷಾ ನದಿಗೆ ಸಮೀಪವಾದ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರೊಳಗಿನ ಹುಣಿಸೆ ಮೊದಲಾದ ಮರಗಳ ಮೇಲೆಯೇ ಗೂಡುಕಟ್ಟಿ ಮರಿಮಾಡುವುವು. ಜನರು ಅವುಗಳನ್ನು ನೆಂಟರಂತೆ ಕಾಣುವರು. ಮರದಡಿಯ ಹಿಕ್ಕೆಯು ಹೊಲಕ್ಕೆ ಗೊಬ್ಬರವಾಗುವುದು. 1976ರಲ್ಲಿ ಅರಣ್ಯಾಧಿಕಾರಿಗಳಾದ ಎಸ್. ಜಿ. ನೇಗಿನಹಾಳರು ಈ ಊರಿನ ಕಡೆಗೆ ಸರಕಾರದ ಗಮನವನ್ನು ಸೆಳೆದರು. 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವೆಂದು ಘೋಷಿತವಾಯಿತು. ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿ ಬೆಳೆಸುವ ಹೆಜ್ಜಾರ್ಲೆ ಬಳಗವೂ ಅಲ್ಲಿ ಹುಟ್ಟಿತು. ಅಲ್ಲಿ ಚಿತ್ರ ತೆಗೆಯುವವರಿಗೆ ಪೊಳ್ಳೆತ್ತಿನ ಅವಶ್ಯಕತೆಯಿಲ್ಲ. ಬೀದಿಯಲ್ಲಿ ನಿಂತರೆ ಸಾಕು. ತಲೆತಲಾಂತರದಿಂದ ಯಾರೂ ಕಲ್ಲೆಸೆಯದೆ ಇದ್ದುದರ ಫಲವನ್ನು ಇಂದು ನಾವು ಉಣ್ಣುತ್ತಿದ್ದೇವೆ. ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟು ಸಹ ಸಲೀಂ ಆಲಿಯವರ ಸಲಹೆಯಂತೆ 1940ರಲ್ಲಿ ಪಕ್ಷಿಧಾಮವಾಯಿತು. ನೋಟವನ್ನೂ ಚಿತ್ರವನ್ನೂ ಬರಹವನ್ನೂ ಒಂದಾಗಿಸಿದವರಲ್ಲಿ ಮೂಡಿಗೆರೆಯಲ್ಲಿ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿಯವರು (1938–2007) ಕನ್ನಡಿಗರಿಗೆ ಚಿರಪರಿಚಿತರು.

ಪ್ರಿಯ ವಿದ್ಯಾರ್ಥಿನಿಯರೇ, ಈ ಅಭ್ಯಾಸಕ್ಕೆ ಬೆಲೆಬಾಳುವ ಯಂತ್ರವು ಬೇಕೆಂದು ತಿಳಿಯಬೇಡಿರಿ. ಒಂದು ಪುಸ್ತಕವನ್ನು ಇಟ್ಟುಕೊಳ್ಳಿರಿ. ದಿನ, ಹೊತ್ತು, ಸ್ಥಳ, ಹಕ್ಕಿಯು ಏನು ಮಾಡುತ್ತಿದ್ದಿತೆಂಬುದು, ಇವನ್ನು ಬರೆಯಿರಿ. ಕಂಡುದನ್ನೂ ಊಹಿಸಿದುದನ್ನೂ ಬೇರೆಬೇರೆಯಾಗಿ ಬರೆಯಿರಿ. ಗೂಡಿನಲ್ಲಿ ಮೊಟ್ಟೆಯಾಗಲಿ ಮರಿಯಾಗಲಿ ಇರುವಾಗ ದೂರದಿಂದಲೇ ನೋಡಿರಿ. ರೆಂಬೆಯನ್ನು ಮುರಿಯಬೇಡಿರಿ, ಬಾಗಿಸಲೂ ಬೇಡಿರಿ. ಹಕ್ಕಿಯು ಮೇವನ್ನು ಬಿಟ್ಟು ನಿಮ್ಮನ್ನೇ ನೋಡತೊಡಗಿದರೆ, ಅಥವಾ ಎಡೆಬಿಡದೆ ಅರಚತೊಡಗಿದರೆ, ನೀವು ಮಿತಿಮೀರಿ ಹತ್ತಿರ ಬಂದಿರೆಂದು ಅರ್ಥ. ಮೆಲ್ಲನೆ ಹಿಂದಕ್ಕೆ ಸರಿಯಿರಿ. ಅಂದು ಚಿತ್ರವು ದೊರೆಯದಿದ್ದರೆ ಚಿಂತೆಯಿಲ್ಲ. ನಾವು ಹಿಂದಿರುಗಿದ ಮೇಲೆ ಹಕ್ಕಿಯು ತನ್ನ ಗೂಡಿಗೆ ಹಿಂದಿರುಗಿತೇ ಎಂಬುದೊಂದೇ ಆ ದಿನದ ಕೆಲಸವು ಚೆನ್ನಾಗಿ ನಡೆಯಿತೋ ಇಲ್ಲವೋ ಎಂಬುದಕ್ಕೆ ಸರಿಯಾದ ಪರೀಕ್ಷೆ.